ಜ್ವರ ಇದ್ದಾಗ ಇಂಜೆಕ್ಷನ್ ಬೇಡ

ಕೇಳುಗರಿಗೆ ನಮಸ್ಕಾರ. ಕೀಲುವಾತಕ್ಕೋ ಸೋರಿಯಾಸಿಸ್ ಅನ್ನುವ ಚರ್ಮರೋಗಕ್ಕೋ ಬಯಾಲಾಜಿಕ್ ಇಂಜೆಕ್ಷನ್, ಅಂದರೆ ಊತ ತರುವ ಪ್ರೋಟೀನನ್ನು ತಡೆಯುವ ಔಷಧ, ತೆಗೆದುಕೊಳ್ಳುವವರು, ಅವರ ಮನೆಯವರು, ಇವತ್ತು ಸ್ವಲ್ಪ ಗಮನ ಕೊಡಿ. ನಾನು ಹೇಳಬೇಕಾಗಿರುವುದು ಒಂದೇ ಮಾತು. ಮೈಯಲ್ಲಿ ಜ್ವರ ಇದ್ದಾಗ ಇಂಜೆಕ್ಷನ್ ಚುಚ್ಚಿಕೊಳ್ಳಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ.

ಔಷಧದ ಬಗ್ಗೆ ಹೆದರಿಸುತ್ತಿಲ್ಲ. ಇದು ನಿಜಕ್ಕೂ ದೊಡ್ಡ ಔಷಧ. ನಮ್ಮ ದೇಹದಲ್ಲಿ ಟಿಎನ್‌ಎಫ್ ಅನ್ನುವ ಒಂದು ಪ್ರೋಟೀನ್ ಇದೆ. ಅದು ಜಾಸ್ತಿಯಾದರೆ ಕೀಲು ಊದುತ್ತದೆ, ಸವೆಯುತ್ತದೆ. ಅದನ್ನು ತಡೆದರೆ ನೋವು ಇಳಿಯುತ್ತದೆ ಎಂದು 1990ರ ದಶಕದಲ್ಲಿ ಲಂಡನ್ನಿನಲ್ಲಿ ತೋರಿಸಿಕೊಟ್ಟವರಲ್ಲಿ ಒಬ್ಬರು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ. ಇವತ್ತು ನಿಮ್ಮಲ್ಲಿ ಹಲವರು ಹಾಕಿಕೊಳ್ಳುವ ಅಡಾಲಿಮುಮಾಬ್ ಅನ್ನುವ ಇಂಜೆಕ್ಷನ್ ಮಾಡುವುದೂ ಅದೇ ಕೆಲಸ.

ಆದರೆ ಟಿಎನ್‌ಎಫ್‌ಗೆ ಇನ್ನೊಂದು ಕೆಲಸವಿದೆ. ನಮ್ಮಲ್ಲಿ ಎಷ್ಟೋ ಜನರ ಮೈಯಲ್ಲಿ ಕ್ಷಯದ, ಅಂದರೆ ಟಿಬಿಯ, ರೋಗಾಣು ಸುಮ್ನೆ ಮಲಗಿರುತ್ತದೆ. ದೇಹ ಅದರ ಸುತ್ತ ಕೋಟೆ ಕಟ್ಟಿರುತ್ತದೆ. ಆ ಕೋಟೆ ನಿಲ್ಲುವುದಕ್ಕೆ ಟಿಎನ್‌ಎಫ್ ಬೇಕು. ಇಂಜೆಕ್ಷನ್ ಅದನ್ನು ತಡೆದರೆ ಕೋಟೆ ಸಡಿಲವಾಗಿ ರೋಗಾಣು ಎದ್ದೇಳಬಹುದು. ಅದಕ್ಕೇ ಇಂಜೆಕ್ಷನ್ ಶುರು ಮಾಡುವ ಮೊದಲು ಎದೆಯ ಎಕ್ಸ್‌ರೇ, ಟಿಬಿ ಪರೀಕ್ಷೆ, ಕಾಮಾಲೆಯ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸುವುದು. ಖರ್ಚು ಅಂತ ಇವನ್ನು ಬಿಡಬೇಡಿ.

ನನ್ನ ಹತ್ತಿರ ಚಿಕಿತ್ಸೆಗೆ ಬರುವ ಒಬ್ಬ ತಾಯಿ, ಹಾಸನದ ಕಡೆಯವರು, ಬ್ಲೌಸ್ ಹೊಲಿಯುತ್ತಾರೆ. ಮೊದಲ ಸಲ ಬಂದಾಗ ಕತ್ತರಿಯ ಹಿಡಿಯೊಳಗೆ ಬೆರಳು ತೂರುತ್ತಿರಲಿಲ್ಲ, ಅಷ್ಟು ಊತ. ಇಂಜೆಕ್ಷನ್ ಶುರುವಾದ ಕೆಲವು ತಿಂಗಳಿಗೆ ಮತ್ತೆ ಮಿಷನ್ ಮುಂದೆ ಕೂತರು. ಮದುವೆ ಸೀಸನ್ನಿನ ಬಟ್ಟೆಯೆಲ್ಲ ಹೊಲಿದರು. ಆಮೇಲೆ ಸಂಜೆ ಹೊತ್ತು ಸಣ್ಣಗೆ ಜ್ವರ ಬರಲು ಶುರುವಾಯಿತು. ಊಟ ಸೇರುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಇಂಜೆಕ್ಷನ್ ದಿನ ಬಂದರೆ ಒಂದು ಪ್ಯಾರಾಸಿಟಮಾಲ್ ನುಂಗಿ, ಜ್ವರ ಇಳಿಸಿಕೊಂಡು ಚುಚ್ಚಿಕೊಳ್ಳುತ್ತಿದ್ದರು. ನನ್ನ ಹತ್ತಿರ ಬಂದಾಗ ರವಿಕೆ ಸಡಿಲವಾಗಿತ್ತು, ಕತ್ತಿನಲ್ಲಿ ಗಂಟು ಕೈಗೆ ಸಿಗುತ್ತಿತ್ತು. ಗಂಟಿನ ಟಿಬಿ. ಶುರುವಿನ ಪರೀಕ್ಷೆಯಲ್ಲಿ ಏನೂ ಇರಲಿಲ್ಲ.

"ಯಾಕಮ್ಮ ಒಂದು ಫೋನ್ ಮಾಡಲಿಲ್ಲ?" ಅಂದೆ. "ಸಾಲ ಮಾಡಿ ತಂದ ಇಂಜೆಕ್ಷನ್ ಡಾಕ್ಟ್ರೇ, ತಪ್ಪಿಸಿದರೆ ದಂಡ ಅಲ್ವಾ?" ಅಂದರು.

ದಂಡ ಆಗುವುದಿಲ್ಲ ತಾಯಂದಿರೇ! ಔಷಧ ಫ್ರಿಡ್ಜ್‌ನಲ್ಲಿ ಹಾಗೇ ಇರುತ್ತದೆ. ಕೆಲವು ದಿನ ತಡವಾದರೆ ಕೀಲು ಹಾಳಾಗುವುದಿಲ್ಲ. ಆ ತಾಯಿಗೆ ಇಂಜೆಕ್ಷನ್ ನಿಲ್ಲಿಸಿ ಆರು ತಿಂಗಳು ಟಿಬಿ ಮಾತ್ರೆ ಕೊಡಬೇಕಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಮಾತ್ರೆ ಉಚಿತ. ಈಗ ಚೆನ್ನಾಗಿದ್ದಾರೆ. ಆದರೆ ಆ ಆರು ತಿಂಗಳು ಕೈ ಮತ್ತೆ ಊದಿತು, ಹೊಲಿಗೆ ನಿಂತಿತು. ಒಂದು ಫೋನ್ ಸಾಕಿತ್ತು.

ಸೋರಿಯಾಸಿಸ್‌ಗೆ ಸೆಕುಕಿನುಮಾಬ್ ಅನ್ನುವ ಇನ್ನೊಂದು ಬಯಾಲಾಜಿಕ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೂ ಇದೇ ಮಾತು. ಜ್ವರ, ಬಿಡದ ಕೆಮ್ಮು, ಕೀವು ತುಂಬಿದ ಗಾಯ, ಉರಿಮೂತ್ರ, ಯಾವುದಿದ್ದರೂ ಇಂಜೆಕ್ಷನ್ ಬೇಡ, ಫೋನ್ ಮಾಡಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಔಷಧ ತುಂಬಿದ ಇಂಜೆಕ್ಷನ್ ಪೆನ್ ಫ್ರಿಡ್ಜ್‌ನ ನಡುವಿನ ತಟ್ಟೆಯಲ್ಲಿರಲಿ, 2ರಿಂದ 8 ಡಿಗ್ರಿ. ಫ್ರೀಜರ್‌ನಲ್ಲಿ ಇಡಲೇಬೇಡಿ. ಹೆಪ್ಪುಗಟ್ಟಿದ್ದು ಕರಗಿದರೂ ಉಪಯೋಗಕ್ಕಿಲ್ಲ. ಚುಚ್ಚುವ ಅರ್ಧ ಗಂಟೆ ಮೊದಲು ಹೊರಗಿಡಿ, ಬಿಸಿನೀರಿನಲ್ಲಿ ಅದ್ದಬೇಡಿ. ತೊಡೆ ಅಥವಾ ಹೊಟ್ಟೆ, ಹೊಕ್ಕುಳಿಂದ ಎರಡು ಇಂಚು ದೂರ, ಪ್ರತಿ ಸಲ ಬೇರೆ ಜಾಗ. ಸೋರಿಯಾಸಿಸ್ ಕಲೆಯ ಮೇಲೆ ಚುಚ್ಚಬೇಡಿ. ಲಸಿಕೆ, ಆಪರೇಷನ್, ಬಸಿರು, ಏನೇ ಇದ್ದರೂ ಮುಂಚೆ ಕೇಳಿ.

ಇಂಜೆಕ್ಷನ್ ಹೆಸರು, ಕೊನೆಯ ಡೋಸ್ ತಾರೀಖು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಡಿ. ಊರಿನ ಡಾಕ್ಟರ ಹತ್ತಿರ ಜ್ವರಕ್ಕೆ ಹೋದರೂ ಮೊದಲು ಆ ಚೀಟಿ ತೋರಿಸಿ. ನಮಸ್ಕಾರ.