ರವೆ ಒಂದು ಪಾವು, ವಾಪಸ್ ಕೊಡಬೇಕು

ಎಲ್ಲರಿಗೂ ನಮಸ್ಕಾರ. ಹಿಂದುಗಡೆ ಕೇಳಿಸ್ತಿದ್ಯಾ? ಇಲ್ಲಾಂದ್ರೆ ಮುಂದೆ ಬನ್ನಿ, ಮೊದಲ ಎರಡು ಸಾಲು ಖಾಲಿ ಬಿಡೋದು ನಮ್ಮ ಬಸವನಗುಡಿ ಸಂಪ್ರದಾಯ ಅಂತ ಗೊತ್ತು, ಆದ್ರೂ ಬನ್ನಿ. ಗಂಟಲು ಕೂತ್ಬಿಟ್ಟಿದೆ. ಮೃದಂಗದೋನಿಗೆ ಗಂಟಲು ಯಾಕ್ ಕೆಡತ್ತೆ ಅಂತೀರಾ, 30 ವರ್ಷ ಕಚೇರಿ ನುಡಿಸಿದೀನಿ, ಸ್ಟೇಜ್ ಮೇಲೆ ಒಂದ್ ದಿನ ಬಾಯಿ ಬಿಟ್ಟೋನಲ್ಲ, ಮೃದಂಗದ ಅಪ್ಪ, ಅಮ್ಮ ಇಬ್ಬರ ಬಗ್ಗೆ ನಾನು ಬರ್ದ ಈ ಪುಸ್ತಕ ಬಂದಾಗಿಂದ ಕೈಗಿಂತ ಬಾಯಿಗೇ ಕೆಲಸ ಜಾಸ್ತಿ.

ಈ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಲ್ಲಿ 1945ರಿಂದ ದೊಡ್ಡ ದೊಡ್ಡೋರು ಮಾತಾಡಿದಾರೆ. ನಾನು ಚಿಕ್ಕೋನಿದ್ದಾಗ ವರ್ಲ್ಡ್ ಕಲ್ಚರ್‌ಗೆ ಬರ್ತಿದ್ದಿದ್ದು ಲೈಬ್ರರಿಗೆ, ಅದೂ ಫ್ಯಾನ್ ಕೆಳಗೆ ಕೂತ್ಕೊಳ್ಳೋಕೆ. ಇವತ್ತು ಐದು ಪಾಯಿಂಟ್ ಬರ್ಕೊಂಡು ಬಂದಿದೀನಿ, ಆಹ್ವಾನ ಪತ್ರಿಕೆ ಹಿಂದುಗಡೆ. ಕನ್ನಡಕ ಮೃದಂಗದ ಬ್ಯಾಗಲ್ಲಿ ಉಳ್ಕೊಂಡಿದೆ, ಬ್ಯಾಗ್ ಕಾರಲ್ಲಿದೆ, ಕಾರು ಎಲ್ಲಿ ಪಾರ್ಕ್ ಆಗಿದ್ಯೋ ಡ್ರೈವರ್‌ಗೇ ಗೊತ್ತು. ನೋಡೋಣ ಎಷ್ಟು ಪಾಯಿಂಟ್ ನೆನಪಾಗತ್ತೆ.

ಮೊದಲೇ ಒಂದ್ ಮಾತು ಹೇಳ್ಬಿಡ್ತೀನಿ, ಅಮ್ಮ ಬಂದಿದಾರೆ. ಮೂರನೇ ಸಾಲು, ಕಿಟಕಿ ಪಕ್ಕ. ತಿರುಗಿ ನೋಡ್ಬೇಡಿ, ಬೈತಾರೆ. ಸ್ಟೇಜ್ ಮೇಲೆ ಬಾ ಅಂದೆ, "ನಾನು ಕೆಳಗೆ ಕೂತ್ರೆ ನೀನು ತಪ್ಪು ಹೇಳಿದಾಗ ಗೊತ್ತಾಗತ್ತೆ" ಅಂದ್ರು. ಹಂಗಾಗಿ ಇವತ್ತು ಅಂಕಿ ಸಂಖ್ಯೆ ಎಲ್ಲಾ ಸ್ವಲ್ಪ ಹುಷಾರಾಗಿ ಹೇಳ್ತೀನಿ.

ಕಳೆದ ಮೂರು ವಾರ ಹೆಂಗಿತ್ತು ಅಂದ್ರೆ, ಭಾನುವಾರ ಬೆಳಗ್ಗೆ ಮೈಸೂರಲ್ಲಿ ಪುಸ್ತಕದ ಮಾತು, ಸಂಜೆ ಬೆಂಗಳೂರಲ್ಲಿ ಕಚೇರಿ, ಮಧ್ಯ ರಾಮನಗರದ ಹತ್ರ ತಟ್ಟೆ ಇಡ್ಲಿ, ಅದನ್ನ ಬಿಡೋ ಹಾಗಿಲ್ಲ. ಆಮೇಲೆ ಶಿವಮೊಗ್ಗ, ಆಮೇಲೆ ಚೆನ್ನೈನಲ್ಲಿ ಒಂದು ರೆಕಾರ್ಡಿಂಗು, ನಿನ್ನೆ ಧಾರವಾಡ, ರಾತ್ರಿ ರೈಲು, ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದಾಗ ಒಂದ್ ಕೈಯಲ್ಲಿ ಮೃದಂಗ ಒಂದ್ ಕೈಯಲ್ಲಿ ಪುಸ್ತಕದ ಗಂಟು, ಪೋರ್ಟರ್ ಕೇಳಿದ್ರು "ಯಾವ್ದು ಭಾರ ಸಾರ್, ಯಾವ್ದು ನಂಗೆ ಕೊಡ್ತೀರಾ" ಅಂತ. ಪುಸ್ತಕ ಕೊಟ್ಟೆ. ಮೃದಂಗ ಹಲಸಿನ ಮರದ್ದು, ಭಾರಾನೇ, ಆದ್ರೆ ಅದನ್ನ ಇನ್ನೊಬ್ಬರ ಕೈಗೆ ಕೊಡೋದು ನಮ್ಮನೇಲಿ ಅಭ್ಯಾಸ ಇಲ್ಲ.

ಪುಸ್ತಕದ ಕಾರ್ಯಕ್ರಮಕ್ಕೆ ಕರೀತಾರೆ. ಹೋದ ತಕ್ಷಣ "ವಾದ್ಯ ತಂದಿದೀರಲ್ವಾ ಸಾರ್, ಕೊನೇಲಿ ಒಂದ್ ಹತ್ತು ನಿಮಿಷ ತನಿ ನುಡಿಸ್ಬಿಡಿ" ಅಂತಾರೆ. ತನಿ ಅಂದ್ರೆ ಹಾಡಿಲ್ದೆ ತಾಳವಾದ್ಯ ಮಾತ್ರ ನುಡಿಸೋದು. ದುಡ್ಡಿನ ಮಾತಿಲ್ಲ. ಅದೇ ಕಚೇರಿಗೆ ಹೋದ್ರೆ "ಸಾರ್ ಬುಕ್ ಬಗ್ಗೆ ಎರಡು ಮಾತಾಡ್ಬಿಡಿ". ಮೊನ್ನೆ ಒಂದು ಕಡೆ ಹಾಡ್ತಿದ್ದೋರು ಪಾಪ ಒಳ್ಳೇ ಮನಸ್ಸಿಂದ, ತನಿ ಆವರ್ತನ ಶುರು ಆಗೋ ಮುಂಚೆ ಅನೌನ್ಸ್ ಮಾಡಿದ್ರು, ಇವರ ಪುಸ್ತಕ ಹೊರಗಡೆ ಸಿಗತ್ತೆ ಅಂತ. ತನಿ ಅಂದ್ರೆ ನಮ್ಮ ಜನ ಕಾಫಿಗೆ ಎದ್ದು ಹೋಗೋ ಟೈಮು ಅಂತ ನಿಮಗೆಲ್ಲಾ ಗೊತ್ತು, ನಗ್ಬೇಡಿ, ನೀವೂ ಹೋಗಿದೀರ. ನಾನು ಒಳಗಡೆ ಮಿಶ್ರ ನಡೇಲಿ, ಅಂದ್ರೆ ಏಳರ ಲೆಕ್ಕದಲ್ಲಿ, ಒದ್ದಾಡ್ತಿದೀನಿ, ಹೊರಗಡೆ 22 ಕಾಪಿ ಹೋಗಿದೆ. ನನ್ನ ತನಿಯಿಂದ ಇಷ್ಟು ಲಾಭ ಯಾವತ್ತೂ ಆಗಿರ್ಲಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಎಲ್ಲಿ ಹೋದ್ರೂ ಮೊದಲ ಪ್ರಶ್ನೆ ಅಪ್ಪನ ಬಗ್ಗೆ. ಅಪ್ಪ ಯಾರ ಹತ್ರ ಕಲ್ತ್ರು, ಯಾರ್ಯಾರಿಗೆ ನುಡಿಸಿದ್ರು, ಆಕಾಶವಾಣೀಲಿ ಎ ಗ್ರೇಡ್ ಬರೋಕೆ ಯಾಕೆ ಅಷ್ಟು ವರ್ಷ ಆಯ್ತು. ಒಬ್ಬ ಹುಡುಗ ಪಾಡ್‌ಕಾಸ್ಟ್‌ನಲ್ಲಿ "ಸಾರ್ ಅಪ್ಪ ಅಮ್ಮಂದು ಲವ್ ಮ್ಯಾರೇಜಾ" ಅಂದ, ಅಲ್ಲಪ್ಪ ಅಂದೆ, ಅವನ ಮುಖ ಬಾಡೋಯ್ತು. ಅಮ್ಮನ ಬಗ್ಗೆ ಕೇಳಿದ್ದು ಅಷ್ಟೇ. ಪುಸ್ತಕ ಇಬ್ಬರ ಬಗ್ಗೆ ಕಣ್ರೀ. ನಿಜ ಹೇಳ್ಬೇಕು ಅಂದ್ರೆ ಪುಸ್ತಕದ ಮುಕ್ಕಾಲು ಪಾಲು ಅಮ್ಮನೇ ಬರ್ದಿರೋದು, ನಾನು ಬರೀ ಟೈಪ್ ಮಾಡ್ಸಿದೀನಿ.

ಹೆಂಗೆ ಅಂತ ಹೇಳ್ತೀನಿ. 1968ರಲ್ಲಿ ಮದುವೆ ಆಗಿ ಹನುಮಂತನಗರದ ವಠಾರಕ್ಕೆ ಬಂದಾಗಿಂದ ಅಮ್ಮ ಲೆಕ್ಕ ಬರೀತಿದ್ರು. ಬ್ಯಾಂಕ್‌ನೋರು ವರ್ಷಕ್ಕೊಂದು ಡೈರಿ ಕೊಡ್ತಿದ್ರಲ್ಲ, ಅದ್ರಲ್ಲಿ. 2001ರವರೆಗೆ, ವರ್ಷಕ್ಕೊಂದು. ಹಾಲು, ಸೀಮೆಎಣ್ಣೆ, ಸ್ಕೂಲ್ ಫೀಸು, ಅದರ ಮಧ್ಯೆನೇ ಅಪ್ಪನ ಪ್ರತೀ ಕಚೇರಿ. ದಿನ, ಜಾಗ, ಹಾಡಿದ್ದು ಯಾರು, ಯಾವ ಶ್ರುತಿ, ಸಂಭಾವನೆ ಎಷ್ಟು, ಬಿಟಿಎಸ್ ಬಸ್‌ಗೆ ಎಷ್ಟು. ಅಪ್ಪ ಎರಡು ಮೃದಂಗ ಇಟ್ಕೊಂಡಿದ್ರು, ಗಂಡಸರ ಶ್ರುತಿಗೊಂದು ಹೆಂಗಸರ ಶ್ರುತಿಗೊಂದು, ಕಂಡಕ್ಟರ್ ಮೂಡ್ ಮೇಲೆ ಅದಕ್ಕೂ ಟಿಕೆಟ್. ಡೈರೀಲಿ ಹಿಂಗಿರತ್ತೆ: "ಬಸ್ಸು. ಟಿಕೆಟ್ 2. ಇವರು, ಮೃದಂಗ."

ಆಮೇಲೆ ಷರಾ ಅಂತ ಒಂದು ಕಾಲಂ. ಅಯ್ಯೋ ಅದು ಓದ್ಬೇಕು ನೀವು. "ಹಾಡಿದವರಿಗೆ ಶೀತ." "ಶಾಲು ಹೊದಿಸಿದರು, ಬಣ್ಣ ಹೋಗುತ್ತದೆ." ಒಂದ್ ರಾಮನವಮಿ, ಚಾಮರಾಜಪೇಟೆ ಕೋಟೆ ಹೈಸ್ಕೂಲ್ ಮೈದಾನದ ಕಚೇರಿ, ಯಾರ ಜೊತೆ ಅಂತ ಕೇಳಿದ್ರೆ ಇವತ್ತಿಗೂ ಕೈ ಮುಗೀತೀರ ಅಂಥೋರು, ಅಮ್ಮ ಬರ್ದಿರೋದು "ಪಾನಕ ಚೆನ್ನಾಗಿತ್ತು. ಮಳೆ." ಅಪ್ಪಂಗೆ ಎ ಗ್ರೇಡ್ ಬಂದ ದಿನ ಒಂದೇ ಸಾಲು, "ಸಕ್ಕರೆ ಅರ್ಧ ಕೆಜಿ, ಸಂತೋಷಕ್ಕೆ." ಇನ್ನೊಂದು ಸಭಾ, ಹೆಸರು ಹೇಳಲ್ಲ, ಅದರ ಮುಂದೆ "ಬರಬೇಕು" ಅಂತ ಇದೆ. ಮುಂದಿನ ವರ್ಷದ ಡೈರೀಲೂ ಬರಬೇಕು. ಅದರ ಮುಂದಿನದ್ರಲ್ಲೂ ಬರಬೇಕು. ನಾಲ್ಕನೇ ವರ್ಷ ಅಮ್ಮ ಅದನ್ನ ಹೊಡೆದುಹಾಕಿ "ಬಿಟ್ಟೆವು" ಅಂತ ಬರ್ದಿದಾರೆ. ಬಿಟ್ಟರು ಅಲ್ಲ, ಬಿಟ್ಟೆವು.

ನನ್ನ ವಾದ ಇಷ್ಟೇ, ಇಂಥ ಡೈರಿ ನಿಮ್ಮನೇಲೂ ಇರತ್ತೆ, ದಯವಿಟ್ಟು ರದ್ದಿಗೆ ಹಾಕ್ಬೇಡಿ. ನಮ್ಮೂರಲ್ಲಿ ಗಾಯನ ಸಮಾಜ 1905ರಿಂದ ಇದೆ, ರಾಮೋತ್ಸವದ ಕಚೇರಿ 1939ರಿಂದ ನಡೀತಿದೆ, ಸ್ಮರಣ ಸಂಚಿಕೆ ತೆಗೆದು ನೋಡಿದ್ರೆ ಫೋಟೋ ಸಿಗತ್ತೆ, ಬಿರುದು ಸಿಗತ್ತೆ. ಆದ್ರೆ ಕಚೇರಿ ಮುಗ್ಸಿ ರಾತ್ರಿ ಹನ್ನೊಂದಕ್ಕೆ ಚಾಮರಾಜಪೇಟೆಯಿಂದ ಹನುಮಂತನಗರಕ್ಕೆ ಹೆಂಗೆ ಹೋದ್ರು, ಮಾರನೇ ದಿನ ಹಾಲಿಗೆ ದುಡ್ಡಿತ್ತಾ, ಅದೆಲ್ಲಿ ಸಿಗತ್ತೆ? ನಮ್ಮ ಬೆಂಗಳೂರು ನಾಗರತ್ನಮ್ಮನೋರನ್ನ ತಗೊಳ್ಳಿ, ತಿರುವಯ್ಯಾರಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಸಿದ್ರು ಅಂತ ಎಲ್ಲಾ ಭಾಷಣದಲ್ಲೂ ಹೇಳ್ತೀವಿ, ಆಯಮ್ಮ ಒಡವೆ ಮಾರಿ ಸ್ವಂತ ದುಡ್ಡು ಹಾಕಿದ್ದು. ಯಾವ ಒಡವೆ, ಯಾವತ್ತು ಕೊಟ್ರು, ಎಷ್ಟು ಬಂತು, ನಂಗೆ ಅದು ಬೇಕು. ಭಕ್ತಿ ಎಷ್ಟಿತ್ತು ಅಂತ ಅಲ್ಲಿ ಗೊತ್ತಾಗತ್ತೆ.

ಇಷ್ಟೆಲ್ಲಾ ಉಪದೇಶ ಮಾಡೋ ನಾನೇ 1988ರಲ್ಲಿ, 14 ವರ್ಷದೋನು, ಮನೆಗೆ ಸುಣ್ಣ ಹೊಡೆಸ್ತಿದ್ದಾಗ ಎರಡು ಡೈರಿ ರದ್ದಿಗೆ ಹಾಕಿ ವಿದ್ಯಾರ್ಥಿ ಭವನದಲ್ಲಿ ದೋಸೆ ತಿಂದಿದೀನಿ. 1976 ಮತ್ತೆ 77. ಅಪ್ಪ ಸಾಯೋವರೆಗೂ ಹೇಳ್ತಿದ್ರು, ನನ್ನ ಜೀವನದ ಅತ್ಯುತ್ತಮ ಕಚೇರಿ ಆಗಿದ್ದು 76ರಲ್ಲಿ ಅಂತ. ನಂಗೇನೋ ಅನುಮಾನ, ಡೈರಿ ಇಲ್ಲ ಅಂತ ಗೊತ್ತಾದ್ಮೇಲೇ 76 ಅನ್ನೋಕೆ ಶುರು ಮಾಡಿದ್ದು. ಉಳಿದ 32 ಡೈರಿ ನನ್ನ ಹತ್ರ ಇದೆ.

ಈಗ ರವೆ ಕಥೆ. ಪುಸ್ತಕ ಓದಿರೋರು ಕ್ಷಮಿಸಿ, ಇದನ್ನ ಹೇಳ್ದೆ ನಂಗೆ ಇರಕ್ಕಾಗಲ್ಲ. ಮೃದಂಗದ ಎಡಗಡೆಗೆ ಕಚೇರಿಗೆ ಮುಂಚೆ ರವೆ ಕಲಸಿ ಮೆತ್ತುತೀವಿ, ಆವಾಗ್ಲೇ ಆ ಗುಂ ಅನ್ನೋ ನಾದ ಬರೋದು, ಕಚೇರಿ ಆದ್ಮೇಲೆ ಕೆರೆದು ತೆಗೀತೀವಿ. ಬಲಗಡೆ ಮಧ್ಯದಲ್ಲಿರೋ ಕಪ್ಪು ವೃತ್ತ, ಕರಣೆ, ಅದಕ್ಕೂ ಕಲ್ಲಿನ ಪುಡಿ ಜೊತೆ ಅನ್ನ ಹಾಕಿ ಅರೀತಾರೆ. ಒಟ್ನಲ್ಲಿ ನಮ್ಮ ವಾದ್ಯಕ್ಕೆ ಎರಡೂ ಕಡೆ ಊಟ ಹಾಕ್ಬೇಕು. ಅಮ್ಮನ ಡೈರೀಲಿ ಎರಡು ಖಾತೆ ಇರತ್ತೆ, "ರವೆ (ತಿಂಡಿ)", "ರವೆ (ಮೃದಂಗ)". ಕಚೇರಿ ಸೀಸನ್‌ನಲ್ಲಿ ಎರಡನೇ ಖಾತೆ ಏರತ್ತೆ, ಮೊದಲನೇದು ಇಳಿಯತ್ತೆ. ಅಂದ್ರೆ ಅಪ್ಪಂಗೆ ಕಚೇರಿ ಜಾಸ್ತಿ ಇದ್ದ ತಿಂಗಳು ನಮಗೆ ಉಪ್ಪಿಟ್ಟಿಲ್ಲ. ನಂಗೆ ಉಪ್ಪಿಟ್ಟು ಕಂಡ್ರೆ ಆಗ್ತಿರ್ಲಿಲ್ಲ, ಹಂಗಾಗಿ ಅಪ್ಪನ ಏಳಿಗೆಗೆ ನಾನು ದೇವರಿಗೆ ಬೇಡ್ಕೋತಿದ್ದೆ.

1984ರ ಮೇ ತಿಂಗಳು, ಮಲ್ಲೇಶ್ವರದ ಒಂದು ಛತ್ರ, ಮದುವೆ ಆರತಕ್ಷತೆ ಕಚೇರಿ. ಅಪ್ಪ ರವೆ ಪೊಟ್ಟಣ ಮನೇಲೇ ಮರೆತು ಬಂದಿದಾರೆ. ಅಡುಗೆಮನೆಗೆ ಹೋದ್ರೆ ಅಡುಗೆ ಭಟ್ರು "ಇದ್ದಿದ್ದೆಲ್ಲಾ ಕೇಸರಿಬಾತಿಗೆ ಹೋಯ್ತು ಸ್ವಾಮಿ, ಮೈದಾ ಇದೆ, ಕೊಡ್ಲಾ" ಅಂದ್ರು. ಅಪ್ಪ ಸರಿ ಅಂತ ಮೈದಾ ಕಲಸಿ ಮೆತ್ತಿದ್ರು. ಕೂತ್ರು. ಮೊದಲ ಹಾಡು, ವರ್ಣ, ಶುರು ಆಯ್ತು, ಎಡಗಡೆ ನುಡಿಸಿದ್ರೆ ಗುಂ ಅನ್ನೋ ಜಾಗದಲ್ಲಿ ಪಚ್ ಪಚ್ ಅಂತಿದೆ, ಒದ್ದೆ ಬಟ್ಟೆ ಒಗೆಯೋ ಹಾಗೆ. ಪಿಟೀಲಿನವರು ತಿರುಗಿ ನೋಡಿದ್ರು. ಅಪ್ಪ ಅಮ್ಮನ ಕಡೆ ನೋಡಿದ್ರು. ಹೆಂಗಸರ ಸಾಲಲ್ಲಿ ರೇಷ್ಮೆ ಸೀರೆ ಉಟ್ಕೊಂಡು ಕೂತಿದ್ದ ಅಮ್ಮ ಎದ್ದು, ನನ್ನ ಕೈ ಹಿಡ್ಕೊಂಡು, ಛತ್ರದ ಹಿಂದಿನ ರಸ್ತೇಲಿ ಯಾವ್ದೋ ಗುರುತಿಲ್ಲದ ಮನೆ ಬಾಗ್ಲು ತಟ್ಟಿದ್ರು. "ಒಂದ್ ಪಾವು ರವೆ ಕೊಡ್ತೀರಾ, ನಮ್ಮೋರ ಮೃದಂಗಕ್ಕೆ." ಆ ಮನೆಯಾಕೆ ಏನೂ ಕೇಳ್ಲಿಲ್ಲ. ಒಳಗಡೆ ಹೋಗಿ ಪಾವಲ್ಲಿ ಅಳೆದು, ತಲೆ ಗೀಟಿ, ಪೇಪರಲ್ಲಿ ಕಟ್ಟಿ ಕೊಟ್ರು. ನಾನು ಓಡಿದೆ. ಹಾಡೋರು ತೋಡಿ ರಾಗದ ಆಲಾಪನೆ ಹಿಡ್ಕೊಂಡಿದ್ರು, ಆಲಾಪನೆ ಅಂದ್ರೆ ಮೃದಂಗಕ್ಕೆ ರಜ. ಅಪ್ಪ ಅಲ್ಲೇ ಸ್ಟೇಜ್ ಮೇಲೆ, ಚೊಂಬಿನ ನೀರಲ್ಲಿ, ಮೈದಾ ಕೆರೆದು ರವೆ ಮೆತ್ತಿದ್ರು. ಹಾಡೋರು ಅಪ್ಪ ಮುಗಿಸೋವರೆಗೂ ತೋಡಿ ಎಳೆದ್ರು, ಅವತ್ತಿನ ತೋಡಿ ಬಹಳ ಚೆನ್ನಾಗಿತ್ತು ಅಂತ ಜನ ಹೇಳ್ತಾರೆ, ಕಾರಣ ಇದು.

ಅವತ್ತಿನ ಡೈರಿ: "ಆರತಕ್ಷತೆ. 125. ತಾಂಬೂಲ, ತೆಂಗಿನಕಾಯಿ 2. ಛತ್ರದ ಹಿಂದಿನ ಮನೆಯವರಿಗೆ ರವೆ 1 ಪಾವು ವಾಪಸ್ ಕೊಡಬೇಕು."

ಅಮ್ಮ ಏನಾದ್ರೂ ವಾಪಸ್ ಕೊಟ್ರೆ ಪಕ್ಕದಲ್ಲಿ ಟಿಕ್ ಹಾಕ್ತಾರೆ. 32 ಡೈರೀಲಿ ಎಲ್ಲಾದಕ್ಕೂ ಟಿಕ್ ಇದೆ. ಇದಕ್ಕಿಲ್ಲ. ಬರೀವಾಗ ಕೇಳಿದೆ, ಅಮ್ಮ ಇದು ಕೊಟ್ಯಾ ಅಂತ. ಸುಮ್ನಿದ್ರು. ಆಮೇಲೆ "ನಿನಗೆ ಮಾರನೇ ದಿನ ಜ್ವರ ಬಂತು" ಅಂದ್ರು. ಮಲ್ಲೇಶ್ವರಕ್ಕೆ ಹೋಗಿ ನೋಡ್ದೆ, ಛತ್ರ ಇಲ್ಲ, ಆ ರಸ್ತೇಲಿ ಎಲ್ಲಾ ಅಪಾರ್ಟ್‌ಮೆಂಟು. ಸರಿ ಅಂತ ಅಲ್ಲಿ ಪುಸ್ತಕದ ಕಾರ್ಯಕ್ರಮ ಆದಾಗ ಈ ಕಥೆ ಹೇಳಿ, ಆ ಮನೆಯವರು ಯಾರಾದ್ರೂ ಇದ್ರೆ ಹೇಳಿ ಅಂದೆ. ನಾಲ್ಕು ಜನ ಬಂದ್ರು! ನಾಲ್ಕೂ ಜನ "ಅದು ನಮ್ಮನೇನೇ" ಅಂತಾರೆ. ಒಬ್ರು ಅಂತೂ ಅವರ ತಾಯಿ ಪಾವಿನ ಪಾತ್ರೆನೇ ತಂದಿದ್ರು. ಅಮ್ಮ ನಾಲ್ಕೂ ಜನಕ್ಕೆ ಒಂದೇ ಪ್ರಶ್ನೆ, "ನಿಮ್ಮನೆ ಬಾಗ್ಲು ಯಾವ ಬಣ್ಣ?" ಯಾರೂ ಸರಿ ಹೇಳ್ಲಿಲ್ಲ. ನಂಗೂ ಹೇಳಿಲ್ಲ ಯಾವ ಬಣ್ಣ ಅಂತ, ನಾನು ಸ್ಟೇಜ್ ಮೇಲೆ ಹೇಳ್ಬಿಡ್ತೀನಿ ಅಂತ.

ನಿನ್ನೆ ಧಾರವಾಡದಲ್ಲಿ ಕಥೆ ಮುಗ್ದ ತಕ್ಷಣ ಒಬ್ಬ ಹಿರಿಯರು ಎದ್ದು ನಿಂತು, "ಅಲ್ರೀ, ಪಖವಾಜಿಗೆ ನಾವು ಗೋದಿಹಿಟ್ಟು ಹಚ್ಚತೀವಿ, ನಿಮ್ಮ ತಂದಿಯವ್ರು ಮೈದಾ ಯಾಕ್ ತಗೊಂಡ್ರು, ಭಟ್ಟರಿಗೆ ಗೋದಿಹಿಟ್ಟು ಕೇಳಬೇಕಿತ್ತಿಲ್ರೀ" ಅಂದ್ರು. ಪಖವಾಜು ಅಂದ್ರೆ ಹಿಂದೂಸ್ತಾನಿ ಕಡೆಯ ಮೃದಂಗ ಅನ್ಕೊಳ್ಳಿ. 40 ವರ್ಷದಲ್ಲಿ ಇದು ನಮಗ್ಯಾರಿಗೂ ಹೊಳೆದಿರ್ಲಿಲ್ಲ. ಅಮ್ಮಂಗೆ ಫೋನ್ ಮಾಡಿ ಹೇಳಿದೆ. "ಹೌದಲ್ವಾ" ಅಂದ್ರು, ಆಮೇಲೆ ಬಹಳ ಹೊತ್ತು ಮಾತಾಡ್ಲಿಲ್ಲ.

ಏನು... ಐದು ನಿಮಿಷನಾ? ಚೀಟಿ ಬಂತು. ನೋಡಿ, ಎರಡನೇ ಪಾಯಿಂಟಲ್ಲೇ ಇದೀನಿ. ಮೂರನೇದು ಮುಖ್ಯ, ಬೇಗ ಹೇಳ್ತೀನಿ. ಮೃದಂಗಕ್ಕೆ ಚರ್ಮ ಕಟ್ಟೋರ ಹೆಸರು ಯಾವ ಸ್ಮರಣ ಸಂಚಿಕೇಲೂ ಇರಲ್ಲ. ಅಮ್ಮನ ಡೈರೀಲಿ ಇದೆ. ಬಳೇಪೇಟೆಗೆ ಹೋಗಿದ್ದು, ಯಾರು ಕಟ್ಟಿದ್ರು, ಎಷ್ಟು ತಗೊಂಡ್ರು, ಅವರ ಮಗಳ ಮದುವೆಗೆ ನಮ್ಮನೆಯಿಂದ ಏನು ಕೊಟ್ವಿ. ಅಪ್ಪನ ಕೈಗೆ ಚಪ್ಪಾಳೆ ತಟ್ಟಿದ್ರಲ್ಲ, ಆ ನಾದ ಅರ್ಧ ಅವರದ್ದು, ಮಾತಿಗೆ ಹೇಳ್ತಿಲ್ಲ, ಹಸು ಚರ್ಮ ಮೇಕೆ ಚರ್ಮ ಹದ ತಪ್ಪಿದ್ರೆ ಎಂಥ ವಿದ್ವಾನ್ ಕೂತ್ರೂ ಅಷ್ಟೇ. ಆ ಅಧ್ಯಾಯ ಓದಿ. ಅದಕ್ಕೇ ಮತ್ತೆ ಹೇಳ್ತೀನಿ, ರದ್ದಿ ಅಂಗಡಿಗೆ ಕೊಡೋ ಮುಂಚೆ ಒಂದ್ ಸಲ ತೆಗೆದು ನೋಡಿ. ನಾಲ್ಕನೇ ಪಾಯಿಂಟು... ಕನ್ನಡಕ ಇಲ್ಲ, "ಅಪ್ಪನ ಕೋಪ" ಅಂತ ಬರ್ದಿದೀನಿ ಅನ್ಸತ್ತೆ. ಬಿಡಿ. ಕೋಪ ಇತ್ತು. ಐದನೇದು ಥ್ಯಾಂಕ್ಸು, ಅದು ಎಲ್ಲರಿಗೂ.

ಆರೂವರೆಗೆ ಜಯನಗರದಲ್ಲಿ ಕಚೇರಿ ಇದೆ, ಸೌತೆಂಡ್ ಸರ್ಕಲ್ ದಾಟೋ ಹೊತ್ತಿಗೆ ಏಳಾದ್ರೂ ಆಗ್ಬಹುದು, ಪ್ರಶ್ನೆ ಇದ್ರೆ ಕಾರಿನವರೆಗೂ ಜೊತೆಗೆ ಬನ್ನಿ. ಪುಸ್ತಕ ಹೊರಗಡೆ ಟೇಬಲ್ ಮೇಲಿದೆ. ಚಿಲ್ಲರೆ ಇಟ್ಕೊಂಡು ಹೋಗಿ, ಫೋನಲ್ಲಿ ಕಳಿಸಿದ್ರೆ ಸ್ಕ್ರೀನ್ ತೋರಿಸ್ಬೇಕು, ಯಾಕಂದ್ರೆ ಟೇಬಲ್ ಹತ್ರ ಕೂರೋದು ಅಮ್ಮ. ಈ ವರ್ಷದ ಡೈರಿ ತಂದಿದಾರೆ. ಅಮ್ಮ, ಸರಿ ಹೇಳಿದ್ನಾ? ...ಏನು? ...125 ಅಲ್ವಂತೆ. 115 ಅಂತೆ, ಹತ್ತು ರೂಪಾಯಿ ಹಾಡಿದವರ ಡ್ರೈವರ್‌ಗೆ ಕೊಟ್ಟಿದ್ರಂತೆ. ಸರಿ, ಮುಂದಿನ ಮುದ್ರಣದಲ್ಲಿ ತಿದ್ದೋಣ.