ಪಿಎಚ್‌ಡಿಗೆ ದುಡ್ಡು ಯಾರು ಕೊಡ್ತಾರೆ? ಕೋಲಾರದಿಂದ ಕ್ವಾಂಟಮ್ ಲ್ಯಾಬಿಗೆ

ನಮಸ್ಕಾರ. ಹೋದ ವಾರ ಬಂಗಾರಪೇಟೆಯಿಂದ ಒಂದು ಮೆಸೇಜ್ ಬಂತು. "ಅಣ್ಣಾ, ನಾನು ಎಂಎಸ್ಸಿ ಫಿಸಿಕ್ಸ್ ಕೊನೇ ವರ್ಷ. ಕ್ವಾಂಟಮ್‌ನಲ್ಲಿ ಪಿಎಚ್‌ಡಿ ಮಾಡ್ಬೇಕು ಅಂತ ಆಸೆ. ಇನ್ನೂ ಐದು ವರ್ಷ ಫೀಸ್ ಕಟ್ಟೋಕಾಗಲ್ಲ ಅಂತಿದ್ದಾರೆ ಮನೇಲಿ."

ಓದಿ ಸಂಕಟ ಆಯಿತು. ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿ ಮಾಡೋರಿಗೇ ತಿಂಗಳು ತಿಂಗಳು ದುಡ್ಡು ಬರುತ್ತದೆ. ನಮ್ಮ ಕಡೆ ಎಷ್ಟೋ ಮನೆಗಳಿಗೆ ಇದು ಗೊತ್ತೇ ಇಲ್ಲ.

ಲೆಕ್ಕ ಆಮೇಲೆ. ಮೊದಲು ಕ್ವಾಂಟಮ್ ಲ್ಯಾಬಿನಲ್ಲಿ, ಅಂದರೆ ಪರಮಾಣು, ಬೆಳಕಿನ ಕಣದಂಥ ಸೂಕ್ಷ್ಮ ಲೋಕದ ಲ್ಯಾಬಿನಲ್ಲಿ, ಮಾಡುವ ಕೆಲಸ ನೋಡೋಣ. ಕ್ವಾಂಟಮ್ ಕಂಪ್ಯೂಟರ್ ಬಗ್ಗೆ ಬೇಕಾದಷ್ಟು ವಿಡಿಯೋ ಇವೆ, ಅದು ಬಿಡಿ. ನನಗೆ ತುಂಬಾ ಇಷ್ಟ ಪರಮಾಣುವನ್ನು ತಣ್ಣಗೆ ಮಾಡುವ ಕೆಲಸ. ತಣ್ಣಗೆ ಅಂದರೆ ಅವುಗಳ ಓಟ ನಿಧಾನ ಮಾಡುವುದು.

ರುಬಿಡಿಯಂ ಎಂಬ ಲೋಹದ ಆವಿಯ ಪರಮಾಣುಗಳು ನಮ್ಮ ಕೋಣೆಯ ಬಿಸಿಯಲ್ಲಿ ಗಂಟೆಗೆ ಸುಮಾರು 1,000 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ. ಅವನ್ನು ನಿಲ್ಲಿಸುವುದು ಲೇಸರ್ ಬೆಳಕು! ಬೆಳಕು ಬಿದ್ದರೆ ಬಿಸಿ ಆಗಬೇಕು ಅಲ್ವಾ? ಕೋಲಾರದಿಂದ ಬಂಗಾರಪೇಟೆಗೆ ಎದುರುಗಾಳಿಯಲ್ಲಿ ಸೈಕಲ್ ತುಳಿದಿದ್ದೀರಾ? ಕಾಲು ಸೋತುಹೋಗುತ್ತದೆ. ಸೈಕಲ್ ತಿರುಗಿಸಿದರೆ ಅದೇ ಗಾಳಿ ಬೆನ್ನು ತಳ್ಳುತ್ತದೆ. ಈಗ ನೀವು ಎತ್ತ ತಿರುಗಿದರೂ ಎದುರುಗಾಳಿಯೇ ಬೀಸುವ ಒಂದು ಬಯಲು ಇದೆ ಅಂದುಕೊಳ್ಳಿ. ಆರು ಲೇಸರ್‌ಗಳು ಸೇರಿ ಪರಮಾಣುವಿಗೆ ಅಂಥ ಬಯಲು ಕಟ್ಟುತ್ತವೆ. ಪರಮಾಣು ಹೀರುವ ಬಣ್ಣಕ್ಕಿಂತ ಒಂದು ಕೂದಲೆಳೆಯಷ್ಟು ಕೆಂಪಿನ ಕಡೆಗೆ ಲೇಸರ್ ಇಟ್ಟಿರುತ್ತಾರೆ. ಅದು ಯಾವ ಲೇಸರಿಗೆ ಎದುರಾಗಿ ಓಡುತ್ತದೋ ಆ ಬೆಳಕಷ್ಟೇ ಅದಕ್ಕೆ ಸರಿಹೊಂದುತ್ತದೆ, ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ದನಿ ಏರಿದಂತೆ ಕೇಳುತ್ತದಲ್ಲ, ಹಾಗೆ ಎದುರಿನ ಬೆಳಕೂ ಅದಕ್ಕೆ ಚೂರು ನೀಲಿಯ ಕಡೆಗೆ ಸರಿದಂತೆ ಕಾಣುತ್ತದೆ. ಅದನ್ನು ಹೀರುತ್ತದೆ, ಪೆಟ್ಟು ತಿನ್ನುತ್ತದೆ, ನಿಧಾನ ಆಗುತ್ತದೆ. ಕೊನೆಗೆ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್, ಇರುವೆ ನಡಿಗೆ!

ಇಂಥ ತಣ್ಣನೆಯ ಪರಮಾಣುಗಳನ್ನು ಬೀಳಲು ಬಿಟ್ಟು ಭೂಮಿಯ ಸೆಳೆತ ಅಳೆಯಬಹುದು. ಕೆಳಗೆ ಟೊಳ್ಳು ಇದ್ದರೆ ಸೆಳೆತ ಚೂರೇ ಚೂರು ಕಮ್ಮಿ. 2022ರಲ್ಲಿ ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು ಇದೇ ಉಪಾಯದಿಂದ ನೆಲದಡಿಯ ಸುರಂಗ ಹಿಡಿದರು. ನನಗೆ ತಕ್ಷಣ ನಮ್ಮ ಕೆಜಿಎಫ್ ಕಣ್ಮುಂದೆ ಬಂತು. ಗಣಿ ಮುಚ್ಚಿದ್ದು 2001ರಲ್ಲಿ, ಸುರಂಗಗಳು ಕೆಳಗೇ ಇವೆ. ಅದೇ ಗಣಿಯ 2 ಕಿ.ಮೀ.ಗೂ ಜಾಸ್ತಿ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೋ ಎಂಬ, ಸುಲಭಕ್ಕೆ ಸಿಗದ ಸೂಕ್ಷ್ಮ ಕಣದ ಗುರುತು ಹಿಡಿದಿದ್ದರು. ನಮ್ಮ ಜಿಲ್ಲೆಗೆ ಫಿಸಿಕ್ಸ್ ಹೊಸದೇನಲ್ಲ.

ಟೈಮ್ ಆಗ್ತಾ ಇದೆ, ಉಳಿದದ್ದು ಬೇಗ ಹೇಳುತ್ತೇನೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6,003 ಕೋಟಿ ರೂಪಾಯಿ ಒಪ್ಪಿತು. ಅದರ ನಾಲ್ಕು ಹಬ್‌ಗಳಲ್ಲಿ, ಅಂದರೆ ಮುಖ್ಯ ಕೇಂದ್ರಗಳಲ್ಲಿ, ಕಂಪ್ಯೂಟಿಂಗಿನದು ಬೆಂಗಳೂರಿನ ಐಐಎಸ್‌ಸಿಯಲ್ಲಿದೆ. ತಣ್ಣನೆಯ ಪರಮಾಣು, ಫೋಟಾನ್ (ಬೆಳಕಿನ ಕಣ) ಬೇಕಾದವರು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ನೋಡಿ. ಪಿಎಚ್‌ಡಿ ಸೇರೋಕೆ ಬರೆಯೋ ಪರೀಕ್ಷೆಗಳು ಜೆಸ್ಟ್, ಗೇಟ್, ಸಿಎಸ್‌ಐಆರ್ ನೆಟ್, ಮೂರನ್ನೂ ಎಂಎಸ್ಸಿ ಕೊನೇ ವರ್ಷದಲ್ಲೇ ಬರೆಯಬಹುದು. ಆಮೇಲೆ ಇಂಟರ್ವ್ಯೂ. ಅಲ್ಲಿ ಬೇಸಿಕ್ಸ್ ಚೆನ್ನಾಗಿ ಕೆದಕುತ್ತಾರೆ, ಸುಮ್ನೆ ಬಾಯಿಪಾಠ ಮಾಡಿದರೆ ನಡೆಯಲ್ಲ. ಎಂಜಿನಿಯರಿಂಗ್ ಓದಿದವರಿಗೆ ಗೇಟ್ ದಾರಿ ಇದೆ, ಈ ಲ್ಯಾಬುಗಳಿಗೆ ಎಲೆಕ್ಟ್ರಾನಿಕ್ಸ್ ಬಲ್ಲವರೂ ಬೇಕು.

ಇನ್ನು ದುಡ್ಡು. 2023ರ ಜನವರಿಯಿಂದ ಜೆಆರ್‌ಎಫ್, ಅಂದರೆ ಜೂನಿಯರ್ ರಿಸರ್ಚ್ ಫೆಲೋಶಿಪ್, ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಎಸ್‌ಆರ್‌ಎಫ್, ಅಂದರೆ ಸೀನಿಯರ್ ಫೆಲೋ, ಆದರೆ 42,000. ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ತಂಗೀ, ಇವತ್ತು ರಾತ್ರಿ ಊಟ ಆದಮೇಲೆ ಅಪ್ಪ ಅಮ್ಮನಿಗೆ ಈ ವಿಡಿಯೋದ ಕೊನೇ ಅರ್ಧ ನಿಮಿಷ ತೋರಿಸು.