ಬೀಗ ಹಾಕುವ ಮುಂಚೆ ಟ್ಯಾಂಕಿ ನೋಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಕಂಪನಿ ಆಫೀಸುಗಳಲ್ಲಿ ನೀರು ಉಳಿಸುವುದು ಹೇಗೆ ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ನಾನು ಹೇಳುವುದು ಒಂದೇ ಮಾತು, ಅದನ್ನೇ ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಫೀಸಿನ ನೀರು ಹಾಳಾಗುವುದು ಜನ ಇರುವಾಗ ಅಲ್ಲ, ಬೀಗ ಹಾಕಿದ ಮೇಲೆ. ಸಂಜೆ ಬೀಗ ಹಾಕುವ ಮುಂಚೆ ಟ್ಯಾಂಕಿ ನೋಡಿ. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಮತ್ತೆ ನೋಡಿ.

ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುವ ಕಾರವಾರದಲ್ಲಿ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಆ ಮಳೆಯಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಹೋಗುತ್ತದೆ. ಚಿರೇಕಲ್ಲಿನ ನೆಲದಲ್ಲಿ ನೀರು ನಿಲ್ಲುವುದಿಲ್ಲ, ಇಳಿದು ಸಮುದ್ರ ಸೇರುತ್ತದೆ. ಏಪ್ರಿಲ್ ಬಂತು ಅಂದರೆ ಅಳಿವೆ ಹತ್ತಿರದ ಬಾವಿಗಳ ನೀರು ಉಪ್ಪಾಗುತ್ತದೆ, ಆಫೀಸಿನ ಗೇಟಿನಲ್ಲಿ ಟ್ಯಾಂಕರ್ ಬಂದು ನಿಲ್ಲುತ್ತದೆ.

ಇಲ್ಲೇ ಒಂದು ಕಂಪನಿಯ ಮೂರು ಮಹಡಿಯ ಆಫೀಸಿನ ಕಥೆ ಹೇಳಬೇಕು. ಬೇಸಿಗೆಯಲ್ಲಿ ಟ್ಯಾಂಕರ್ ಬಿಲ್ಲು ಏರುತ್ತಾ ಹೋಯಿತು ಅಂತ ನನ್ನನ್ನು ಕರೆಸಿದ್ದರು. ಹೋಗಿ ನೋಡಿದರೆ ಪ್ರತಿ ನಲ್ಲಿಯ ಮೇಲೂ 'ನೀರು ಉಳಿಸಿ' ಅಂತ ಚೀಟಿ. ನೆಲ ಒರೆಸುವ ಅಕ್ಕನಿಗೆ ದಿನಕ್ಕೆ ಇಷ್ಟೇ ಬಕೆಟ್ ಅಂತ ಕಟ್ಟಳೆ ಬೇರೆ. ಮ್ಯಾನೇಜರ್ ಹೇಳಿದ್ದು, ನಮ್ಮ ಹುಡುಗರಿಗೆ ಶಿಸ್ತಿಲ್ಲ ಸರ್, ಅದಕ್ಕೇ ಹೀಗೆ ಅಂತ. ನಾನು ಹೊರಗೆ ಬಂದು ರಾತ್ರಿ ಪಾಳಿಯ ವಾಚ್‌ಮನ್ ಹತ್ತಿರ ಮಾತಾಡಿದೆ. ಅವರು ಸಹಜವಾಗಿ ಒಂದು ಮಾತು ಕೇಳಿದರು: "ಸಾಹೇಬ್ರೆ, ರಾತ್ರಿ ಎರಡು ಗಂಟೆಗೆ ಪಂಪು ತಾನಾಗಿ ಚಾಲೂ ಆಗ್ತದೆ. ಆ ಹೊತ್ತಿಗೆ ಒಳಗೆ ನೀರು ಬಳಸುವವರು ಯಾರು?"

ನೋಡಿ, ಇಡೀ ಆಫೀಸಿನಲ್ಲಿ ಸರಿಯಾದ ಪ್ರಶ್ನೆ ಕೇಳಿದವರು ಅವರೊಬ್ಬರೇ. ಅವರನ್ನು ಯಾರೂ ಮಾತಾಡಿಸಿರಲಿಲ್ಲ. ಮೇಲಿನ ಟ್ಯಾಂಕಿಯಲ್ಲಿ ನೀರು ಇಳಿದರೆ ತಾನೇ ಓಡುವ ಪಂಪು ಅದು, ಹಾಗಾಗಿ ಎಷ್ಟು ಸೋರಿದರೂ ಬೆಳಿಗ್ಗೆ ಟ್ಯಾಂಕಿ ತುಂಬಿಯೇ ಇರುತ್ತಿತ್ತು. ಆ ಸಂಜೆ ಎಲ್ಲರೂ ಹೋದ ಮೇಲೆ ಪಂಪಿನ ಸ್ವಿಚ್ ಆರಿಸಿದೆವು. ತೊಳೆದ ಬಿದಿರಿನ ಕೋಲನ್ನು ಟ್ಯಾಂಕಿಗೆ ಇಳಿಸಿ, ನೀರು ಮುಟ್ಟಿದಲ್ಲಿ ಗುರುತು ಮಾಡಿದೆವು. ಬೆಳಿಗ್ಗೆ ಅದೇ ಕೋಲು ಇಳಿಸಿದರೆ ನೀರು ಒಂದು ಗೇಣು ಕೆಳಗೆ! ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ಕಾಂಕ್ರೀಟ್ ಟ್ಯಾಂಕಿ. ಗೇಣು ಅಂದರೆ 20 ಸೆಂಟಿಮೀಟರ್ ಹಿಡಿಯಿರಿ, 800 ಲೀಟರ್ ಆಯಿತು. ಆಫೀಸಿನಲ್ಲಿ ಒಬ್ಬರಿಗೆ ದಿನಕ್ಕೆ 45 ಲೀಟರ್ ಸಾಕು ಅನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಅಂದರೆ 17 ಜನರ ಒಂದು ದಿನದ ನೀರು, ಒಬ್ಬರೂ ಇಲ್ಲದ ರಾತ್ರಿಯಲ್ಲಿ ಹೋಗಿತ್ತು.

ಎಲ್ಲಿ ಹೋಯಿತು? ಎರಡನೇ ಮಹಡಿಯಲ್ಲಿ ಅತಿಥಿಗಳಿಗೆ ಅಂತ ಇಟ್ಟ ಟಾಯ್ಲೆಟ್. ಕಮೋಡಿನ ಒಳಗೆ, ಹಿಂಬದಿಯಲ್ಲಿ ಬೆರಳಗಲದ ಕೆಂಪು ಗೆರೆ. ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಇರುತ್ತದಲ್ಲ, ನೀರು ಬಿಡದೇ ಜಾರಿದಲ್ಲಿ ಆ ಗೆರೆ ಬೀಳುತ್ತದೆ. ಶಬ್ದವೇ ಇಲ್ಲ. ಫ್ಲಶ್ ಟ್ಯಾಂಕಿನ ಒಳಗೆ ತಳದ ರಬ್ಬರ್ ವಾಷರ್ ಗಟ್ಟಿಯಾಗಿ ಸೀಳಿತ್ತು, ಅಷ್ಟೇ. ವಾಷರ್ ಬದಲಾಯಿಸಿದ ಮೇಲೆ ರಾತ್ರಿ ಪಂಪು ಓಡಲಿಲ್ಲ. ನೆಲ ಒರೆಸುವ ಅಕ್ಕನ ಬಕೆಟ್ ಲೆಕ್ಕವನ್ನೂ ನಿಲ್ಲಿಸಿ ಅಂತ ಮ್ಯಾನೇಜರಿಗೆ ಹೇಳಿಯೇ ಬಂದೆ.

ನಿಮ್ಮಲ್ಲಿ ಗೆರೆ ಕಾಣದಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ಫ್ಲಶ್ ಟ್ಯಾಂಕಿಗೆ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಯಾರೂ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ನೀಲಿ ಬಂತೋ, ವಾಷರ್ ಹೋಗಿದೆ. ಆದರೆ ಅದಕ್ಕೂ ಮೊದಲು ಸಂಜೆ ಟ್ಯಾಂಕಿ ನೋಡಿ, ಬೆಳಿಗ್ಗೆ ನೋಡಿ. ಪಂಪಿನ ಸ್ವಿಚ್ ಆರಿಸಿರಬೇಕು, ಕೆಳಗಿನಿಂದ ಟ್ಯಾಂಕಿಗೆ ನೀರು ಏರಬಾರದು, ಮರೆಯಬೇಡಿ.

ಸಮಯ ಮುಗಿಯುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಕೈ ತೊಳೆಯುವ ನಲ್ಲಿಗಳ ತುದಿಗೆ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸುವ ಚಿಕ್ಕ ಜಾಲರಿ, ಹಾಕಿಸಿ, ಅರ್ಧಕ್ಕರ್ಧ ನೀರು ಸಾಕಾಗುತ್ತದೆ. ಹಳೆಯ ಫ್ಲಶ್ ಒಮ್ಮೆಗೆ 10 ಲೀಟರ್ ಸುರಿಯುತ್ತದೆ. ಬದಲಿಸುವಾಗ ಎರಡು ಬಟನ್ ಇರುವುದನ್ನೇ ತನ್ನಿ, ಚಿಕ್ಕ ಬಟನ್ನಿಗೆ 3 ಲೀಟರ್ ಸಾಕು. ನಮ್ಮ ಸೆಕೆಗೆ ಎಸಿಯಿಂದ ನೀರು ಜಾಸ್ತಿಯೇ ಇಳಿಯುತ್ತದೆ, ಸುಮ್ನೆ ಗೋಡೆ ಮೇಲೆ ಬಿಡುವ ಬದಲು ಪೈಪು ಕೊಟ್ಟು ಡ್ರಮ್ಮಿಗೆ ಹಿಡಿಯಿರಿ, ನೆಲ ಒರೆಸಲು ಆಗುತ್ತದೆ, ಕುಡಿಯಲು ಮಾತ್ರ ಬೇಡ. ಮಾಡಿನ ಮಳೆನೀರಿನ ಬಗ್ಗೆ ಹೇಳಲು ತುಂಬಾ ಇದೆ, ಇವತ್ತು ಆಗುವುದಿಲ್ಲ.

ಕೇಳುತ್ತಿರುವ ವಾಚ್‌ಮನ್ ಅಣ್ಣಂದಿರೇ, ಇವತ್ತು ರಾತ್ರಿ ನಿಮ್ಮ ಆಫೀಸಿನ ಪಂಪು ಓಡಿದರೆ ಗಂಟೆ ಎಷ್ಟು ಅಂತ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಆ ಚೀಟಿಯನ್ನು ಮ್ಯಾನೇಜರ್ ಕೈಗೇ ಕೊಡಿ. ನಮಸ್ಕಾರ.